ಕರೆಂಟ್ ಬಂದಿಲ್ಲ, ಭೂಕಂಪ ಆಗೈತಿ

ಇವತ್ತು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ನಳ ಬಂದಾಗ ನೀರು ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದೆ. ನಮ್ಮನೆಯವರ ಕಿವಿ ಮಷಿನ್ನಿಗೆ ಹೊಸ ಸೆಲ್ ಹಾಕಿ ಕೊಟ್ಟೆ. ಅವರು ಅದನ್ನು ಕಿವಿಗೆ ಹಾಕದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಮೆಂತ್ಯ ಸೋಸಿದೆ. ಹಿಂದಿನ ಪಡಸಾಲೆ ಗುಡಿಸಿ, ಬಟ್ಟೆ ತೊಳೆಯುವ ಮಷಿನ್ನಿನ ಪಕ್ಕ ಇದ್ದ ಹಳೆ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಏರಿಸಿ ಜಾಗ ಮಾಡಿದೆ. ಮಧ್ಯಾಹ್ನ ಟೆಂಪೊದಲ್ಲಿ ಎರಡು ಕುರ್ಚಿ ಬಂದವು, ಅವನ್ನು ಅಲ್ಲಿ ಇಡಿಸಿದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಸಂದಿಯಲ್ಲಿ ಶೇಂಗಾ ಸಿಪ್ಪೆ ಸಿಕ್ಕಿತು.

ಎರಡೂ ಒಂದೇ ಕಬ್ಬಿಣದ ಕಾಲಿಗೆ ಕೂಡಿಸಿದ ಕುರ್ಚಿ. ನಾನು ಕೆಲಸ ಮಾಡಿದ ಟಾಕೀಜಿನವು, ಹೆಂಗಸರ ಬದಿಯ ಕಟ್ಟಕಡೆಯ ಸಾಲಿನವು. ಇಚಲಕರಂಜಿಯ ಆ ಟಾಕೀಜಿನಲ್ಲಿ ಹೆಂಗಸರ ಬಾಗಿಲು ಕಾಯುವ ಕೆಲಸ ನನ್ನದಾಗಿತ್ತು. ಮದುವೆಯಾಗಿ ಬಂದ ಕೆಲವೇ ದಿನಕ್ಕೆ ಸೇರಿದೆ, ಟಾಕೀಜು ಬಾಗಿಲು ಹಾಕಿದ ದಿನ ಬಿಟ್ಟೆ. ಈಗ ಮಾಲಕರ ಮೊಮ್ಮಗ ಒಳಗಿನ ಸಾಮಾನು ತೆಗೆಸುತ್ತಿದ್ದಾನೆ. "ಕಸ್ತೂರಿ ಮಾವಶಿ, ನಿಮಗೇನರ ಬೇಕೇನ್ರಿ?" ಎಂದು ಮನೆಗೇ ಬಂದು ಕೇಳಿದ. ಇವೆರಡನ್ನು ಕೇಳಿದೆ. "ಅವು ಅಳ್ಳಾಡ್ತಾವ್ರಿ, ಛಲೋವು ಕೊಡ್ತೇನಿ," ಅಂದ. ಅಳ್ಳಾಡಿದರೇ ಬೇಕು ಎಂದೆ. ಅವನಿಗೆ ತಿಳಿಯಲಿಲ್ಲ. ಅವನಿಗೂ ತಿಳಿಯಲೆಂದು ಇದನ್ನು ಬರೆಯುತ್ತಿದ್ದೇನೆ.

ಬರೆಯಲು ಹಚ್ಚಿದವಳು ರೇಣುಕಾ. ಗಡಹಿಂಗ್ಲಜದ ನನ್ನ ಅಣ್ಣನ ಮಗಳು. ಬರುವ ವಾರ ಕೊಲ್ಹಾಪುರದ ದೊಡ್ಡ ಮಾಲಿನ ಥೇಟರಿನಲ್ಲಿ ಕೆಲಸಕ್ಕೆ ಸೇರುತ್ತಿದ್ದಾಳೆ. ಕರಿ ಪ್ಯಾಂಟು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸಣ್ಣ ಬ್ಯಾಟರಿ. ಮೊನ್ನೆ ಫೋನು ಮಾಡಿ, "ಅತ್ತಿ, ನಮಗ ಮೂರ ದಿವಸ ಟ್ರೇನಿಂಗ್ ಕೊಟ್ಟಾರ. ಹೆಂಗ ನಗಬೇಕು, ಹೆಂಗ ನಮಸ್ಕಾರ ಮಾಡಬೇಕು, ಎಲ್ಲಾ ಹೇಳ್ಯಾರ. ಮಂದಿ ಬಂದ್ರ ಏನ್ ಮಾಡಬೇಕು ಅಂತ ಹೇಳಿಲ್ಲ," ಅಂದಳು. ನನಗೆ ನಗು ಬಂತು. ಮಂದಿ ಬಂದರೆ ಏನು ಮಾಡಬೇಕು ಎನ್ನುವುದೇ ಈ ಕೆಲಸ.

ಆದ್ದರಿಂದ ರೇಣುಕಾ, ನಿನ್ನಂಥ ಉಳಿದ ಹುಡುಗಿಯರೂ ಓದಲಿ, ಮೊದಲು ಸಣ್ಣಪುಟ್ಟದ್ದು ಹೇಳುತ್ತೇನೆ. ಬ್ಯಾಟರಿಯ ಬೆಳಕನ್ನು ಮುಖಕ್ಕೆ ಬಿಡಬೇಡ, ಕಾಲಿಗೆ ಬಿಡು. ಕತ್ತಲಲ್ಲಿ ಮುಖ ಕಂಡವರು ಸಿಟ್ಟಾಗುತ್ತಾರೆ, ಕಾಲು ಕಂಡವರು ನಡೆಯುತ್ತಾರೆ. ಬಾಗಿಲಿನ ಚಿಲಕ ಪಿಕ್ಚರ್ ನಡೆದಿರುವಾಗ ಎಂದೂ ಹಾಕಬೇಡ, ಯಾರೇ ಹೇಳಲಿ. ಒಬ್ಬಳೇ ಬಂದ ಹೆಂಗಸನ್ನು ಗೋಡೆಯ ಪಕ್ಕ ಕೂಡಿಸಬೇಡ, ಇನ್ನೊಬ್ಬ ಹೆಂಗಸಿನ ಪಕ್ಕ ಕೂಡಿಸು. ಅಳುವವಳನ್ನು ಮಾತಾಡಿಸಬೇಡ. ನಮ್ಮಲ್ಲಿ ಒಬ್ಬಾಕೆ ಬರುತ್ತಿದ್ದಳು. ಹಾಸ್ಯದ ಪಿಕ್ಚರಿಗೆ ಬಂದು ಅಳುತ್ತಿದ್ದಳು. ಮನೆಯಲ್ಲಿ ಹನ್ನೊಂದು ಮಂದಿ, ಅಳಲು ಜಾಗವಿಲ್ಲ ಅಂತ ಒಮ್ಮೆ ತಾನಾಗಿಯೇ ಹೇಳಿದಳು. ಅವಳಿಗೆ ಕಂಬದ ಹಿಂದಿನ ಕುರ್ಚಿ ಇಟ್ಟಿರುತ್ತಿದ್ದೆ. ಅಲ್ಲಿಂದ ಪಡದೆ ಅರ್ಧವೇ ಕಾಣುತ್ತಿತ್ತು. ಅವಳಿಗೆ ಸಾಕಾಗುತ್ತಿತ್ತು.

ಇನ್ನು ಕೆಲವರು ಒಳಗೆ ಹೋಗುವ ಮೊದಲೇ ಕಡೆಗೆ ಏನಾಗುತ್ತದೆ ಎಂದು ಕೇಳುತ್ತಿದ್ದರು. "ಅಕ್ಕಾ, ತಾಯಿ ಸಾಯ್ತಾಳೇನ? ಸಾಯೂದಿದ್ರ ಬ್ಯಾಡ, ನಾ ನಮ್ಮವ್ವನ ತಿಥಿ ಮಾಡಿ ನಿನ್ನೆರ ಬಂದೇನಿ." ಅಂಥವರಿಗೆ ಖರೆ ಹೇಳಬೇಕು. ಸುಳ್ಳು ಹೇಳಿ ಒಳಗೆ ಬಿಟ್ಟರೆ ಮತ್ತೆ ಬರುವುದಿಲ್ಲ.

ಆದರೆ ನನ್ನ ಕೆಲಸದ ಬಗ್ಗೆ ಯಾರು ಕೇಳಿದರೂ ನಾನು ಹೇಳುವುದು ಭೂಕಂಪದ ಪಿಕ್ಚರಿನ ಕಥೆ. ಅದರ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಹೊರಳಲಿಲ್ಲ. ಊರೆಲ್ಲ ಭೂಕಂಪದ ಪಿಕ್ಚರ್ ಅಂತಲೇ ಕರೆಯಿತು.

ಆಗ ನನ್ನ ಮಗ ಇನ್ನೂ ಕಂಕುಳ ಕೂಸು. ಓಣಿಗೊಂದರಂತೆ ವಿಡಿಯೊ ಪಾರ್ಲರ್ ಎದ್ದು ಟಾಕೀಜಿಗೆ ಬರುವ ಮಂದಿ ಕಡಿಮೆಯಾಗಿದ್ದರು. ನಮ್ಮ ಮಾಲಕರು ಪಾಯಗೊಂಡ ಅಣ್ಣಾ. ದತ್ತವಾಡದ ಜೈನರು, ಕಬ್ಬಿನ ಹೊಲ ಇದ್ದವರು. ಟಾಕೀಜು ಅವರ ತಂದೆ ಕಟ್ಟಿದ್ದು. ದಿನಾ ಮಧ್ಯಾಹ್ನ ದತ್ತವಾಡದಿಂದ ಜೀಪಿನಲ್ಲಿ ಬರುತ್ತಿದ್ದರು, ಜೊತೆಗೆ ಊಟದ ಡಬ್ಬಿ ಇರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುತ್ತಿರಲಿಲ್ಲ. ಅದಕ್ಕೇ ಸಂಜೆಯ ಆಟಕ್ಕೆ ಬೆಲ್ ಹೊಡೆಯುವ ಮೊದಲು ಟಿಕೇಟಿನ ಖೋಲಿಯಲ್ಲಿ ಕುಳಿತು ಎರಡು ರೊಟ್ಟಿ ಉಂಡು, ಬೆರಳು ತೊಳೆದುಕೊಂಡು, "ಕಸ್ತೂರಿ, ಬಾಗ್ಲಾ ತಗಿವಾ ತಂಗಿ," ಅನ್ನುತ್ತಿದ್ದರು. ಬೇರೆ ಟಾಕೀಜಿನಲ್ಲಿ ಗಡಿಯಾರ ನೋಡುತ್ತಿದ್ದರು. ನಮ್ಮಲ್ಲಿ ಅಣ್ಣಾ ಕೈ ತೊಳೆಯುವುದನ್ನು ನೋಡುತ್ತಿದ್ದೆವು.

ಅವರ ತಮ್ಮ ಬಾಬಗೊಂಡ ಟಾಕೀಜು ತೆಗೆದು ಅಲ್ಲಿ ಕರೆಂಟಿನ ಮಗ್ಗ ಹಾಕೋಣ ಎಂದು ಹಟ ಹಿಡಿದಿದ್ದ. ಅವನ ಮಾತು ಸುಳ್ಳಲ್ಲ. ಸುತ್ತ ಮೂರೂ ಕಡೆ ಮಗ್ಗದ ಶೆಡ್ಡುಗಳೇ. ಅಣ್ಣಾ ದಿನ ತಳ್ಳುತ್ತಿದ್ದರು. ಅಷ್ಟರಲ್ಲಿ ಕೊಲ್ಹಾಪುರಕ್ಕೆ ಹೋದವರು ಈ ಭೂಕಂಪದ ಪಿಕ್ಚರ್ ನೋಡಿ ಬಂದರು. ಹಳೆಯದು, ಹಿಂದಿ ಮಾತು ಕೂಡಿಸಿ ಮತ್ತೆ ಬಿಟ್ಟಿದ್ದರು. ಪಡದೆಯ ಕೆಳಗೆ ಕಪಾಟಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಇಟ್ಟು, ನಗರ ಬೀಳುವಾಗ ಕುರ್ಚಿ ನೆಲ ಎಲ್ಲ ನಡುಗುವಂತೆ ಮಾಡಿದ್ದರಂತೆ.

"ಖರೇನ ನಡಗತೈತಿ, ಕಸ್ತೂರಿ," ಅಂತ ಅಣ್ಣಾ ಹೇಳಿದರು. "ನನ್ನ ಬಾಜೂಕ ಕುಂತಾಂವ ನನ್ನ ಕೈ ಹಿಡಕೊಂಡ. ಗುರುತಿಲ್ಲ, ಪರಿಚಯಿಲ್ಲ. ಪಿಕ್ಚರ್ ಮುಗಿದ ಮ್ಯಾಲ ನಾಚಿಕೊಂಡು ಹೋದ."

ಅದೇ ಪಿಕ್ಚರ್ ತರಿಸಿದರು, ಅಂಥ ಪೆಟ್ಟಿಗೆಗಳನ್ನೂ ಹುಡುಕಿ, ಗಣಪತಿ ಮೆರವಣಿಗೆಗೆ ಸ್ಪೀಕರ್ ಬಾಡಿಗೆಗೆ ಕೊಡುವವನಿಂದ ತರಿಸಿದರು. ತಮ್ಮನಿಗೆ, "ಈ ಪಿಕ್ಚರ್ ಎರಡ ವಾರ ಓಡಲಿಲ್ಲಂದ್ರ ನೀ ಹೇಳಿದಂಗ ಆಗ್ಲಿ. ಕುರ್ಚಿ ಕಿತ್ತು ಮಗ್ಗ ಹಾಕು," ಎಂದು ಎಲ್ಲರ ಮುಂದೆ ಮಾತು ಕೊಟ್ಟರು. ಮಗ್ಗದ ಶೆಡ್ಡಿಗೆ ಬಾಗಿಲು ಕಾಯುವ ಹೆಂಗಸು ಬೇಕಾಗುವುದಿಲ್ಲ.

ಬಾಗಿಲ ಮೇಲೆ ಪೇಂಟರ್ ದೊಡ್ಡ ಅಕ್ಷರದಲ್ಲಿ, ಕುರ್ಚಿ ಗಟ್ಟಿ ಹಿಡಿದು ಕುಳಿತುಕೊಳ್ಳಿ ಎಂದು ಮರಾಠಿಯಲ್ಲಿ ಬರೆದ. ಹೃದಯ ಸೂಕ್ಷ್ಮ ಇದ್ದವರು ಬರಬಾರದು ಎಂದು ಕೆಳಗೆ ಸಣ್ಣದಾಗಿ ಬರೆದ. ಮೊದಲ ದಿನ ಹಾಲ್ ತುಂಬಿತು. ಅಣ್ಣಾ ಒಳಗೆ ಬಾರದೆ ಹೊರಗೇ ನಿಂತಿದ್ದರು, ಕಿರುಚಾಟ ಕೇಳಲಿ ಎಂದು.

ಕಿರುಚಾಟ ಬರಲಿಲ್ಲ. ಪಡದೆಯ ಮೇಲೆ ಅಮೇರಿಕಾದ ನಗರ ಬಿತ್ತು, ಸೇತುವೆ ಮುರಿಯಿತು, ಇಪ್ಪತ್ತು ಮಜಲಿನ ಮನೆ ಕುಸಿಯಿತು, ನೀರಿನ ಕಟ್ಟೆ ಒಡೆಯಿತು. ಕೆಳಗೆ ಪೆಟ್ಟಿಗೆಗಳು ಹೊಟ್ಟೆಯೊಳಗೆ ಗುಡುಗಿದಂತೆ ಗುಡುಗಿದವು. ಮಂದಿ ಶೇಂಗಾ ತಿನ್ನುತ್ತ ಕುಳಿತರು. ಆಟ ಬಿಟ್ಟಾಗ ಒಬ್ಬ ಅಣ್ಣಾನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ಮಾಲಕರ, ನಡಗೂದು ಯಾವಾಗಿಂದ ಸುರು ಮಾಡ್ತೀರಿ? ನಾಳೆ ಬರಬೇಕೇನ?"

ಇನ್ನೊಬ್ಬ ಹಿಂದಿನಿಂದ, "ನಮ್ಮ ಶೆಡ್ಡಿಗೆ ಬರ್ರಿ ಅಣ್ಣಾ, ಫುಕಟ್ ನಡಗಸ್ತೇವಿ," ಅಂದ.

ಆಗ ನಮಗೆಲ್ಲ ಹೊಳೆಯಿತು. ಕಬ್ಬಿನ ಊರಿನಲ್ಲಿ ಮಲಗುವವರು ಅಣ್ಣಾ. ಕೊಲ್ಹಾಪುರದಲ್ಲಿ ಪಿಕ್ಚರ್ ನೋಡಿ ಬಂದವರು. ನಮ್ಮ ಊರಿನ ನೆಲ ಆಗ ಮಗ್ಗದ ಹೊಡೆತಕ್ಕೆ ಯಾವಾಗಲೂ ನಡುಗುತ್ತಿತ್ತು. ಗಡಿಗೆಯ ನೀರಿನಲ್ಲಿ ಸದಾ ಸಣ್ಣ ಸುತ್ತುಗಳು ಏಳುತ್ತಿದ್ದವು, ಗೋಡೆಯ ಫೋಟೋ ದಿನಕ್ಕೊಮ್ಮೆ ಸೊಟ್ಟ ಆಗುತ್ತಿತ್ತು, ಅದನ್ನು ನೆಟ್ಟಗೆ ಮಾಡುವುದು ಕಸ ಗುಡಿಸಿದಂತೆ ಒಂದು ಕೆಲಸವಾಗಿತ್ತು. ಅಂಥ ಮಂದಿಯನ್ನು ಪೆಟ್ಟಿಗೆಯಿಂದ ನಡುಗಿಸಲು ಹೋಗಿದ್ದೆವು.

ಎರಡನೇ ದಿನ ಆಪರೇಟರ್ ದಿನಕರ ಮಾಮಾ ರೀಲು ಹಿಂದುಮುಂದು ಹಾಕಿದರು. ನಗರ ಮೊದಲೇ ಬಿತ್ತು, ಆಮೇಲೆ ಅದೇ ನಗರದಲ್ಲಿ ಒಬ್ಬ ಮುದುಕ ಎಂಜಿನಿಯರ್ ಓಡಾಡುತ್ತ ಭೂಕಂಪ ಬರುತ್ತದೆ ಬರುತ್ತದೆ ಎಂದು ಎಲ್ಲರಿಗೂ ಹೇಳತೊಡಗಿದ. ನಾನು ಮೇಲೆ ಓಡಿ ಹೋಗಿ ಹೇಳುವಷ್ಟರಲ್ಲಿ ಕೆಳಗೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು: "ಎಲ್ಲಾ ಬಿದ್ದಿತ್ತಲ್ಲಾ?" "ಮತ್ತ ಕಟ್ಟ್ಯಾರ. ಅಮೇರಿಕಾದಾಗ ಲಗೂನ ಕಟ್ಟತಾರ." "ಈ ಮುದುಕಾ ಭಾಳ ತಡಾ ಮಾಡಿ ಹೇಳಾಕತ್ತಾನ ನೋಡವಾ." ದಿನಕರ ಮಾಮಾಗೆ ಹೇಳಿದೆ. ಅವರು ಕೆಳಗೆ ಇಣುಕಿ ನೋಡಿ, "ವೈನಿ, ಕೋಣಾಲಾ ಕಳಲಂ ನಾಹಿ. ಯಾರಿಗೂ ತಿಳಿದಿಲ್ಲ, ಬಿಡಿ," ಎಂದು ಬೀಡಿ ಹಚ್ಚಿದರು. ಈಗೆಲ್ಲ ಡಬ್ಬಿಯಲ್ಲಿ ಬಂದ ಪಿಕ್ಚರು ಗುಂಡಿ ಒತ್ತಿದರೆ ತಾನೇ ಓಡುತ್ತದೆ, ರೇಣುಕಾ. ತಪ್ಪುವುದಿಲ್ಲ. ತಪ್ಪಿದರೆ ನಗುವ ದಿನಕರ ಮಾಮಾನೂ ಅಲ್ಲಿರುವುದಿಲ್ಲ.

ಮೂರನೇ ದಿನ ಬಾಬಗೊಂಡ ಅಳತೆಯ ಟೇಪು, ಸುಣ್ಣದ ಕಡ್ಡಿ ಹಿಡಿದು ಬಂದ. ಆಟವಿಲ್ಲದ ಹೊತ್ತಿನಲ್ಲಿ ಹಾಲಿನ ನೆಲದ ಮೇಲೆ ಗೆರೆ ಹೊಡೆದ. ಇಲ್ಲಿ ಒಂದು ಮಗ್ಗ, ಇಲ್ಲಿ ಇನ್ನೊಂದು, ಹೆಂಗಸರ ಬದಿಗೆ ನೂಲಿನ ಚೀಲ. "ವೈನಿ, ಗೆರಿ ಅಳಸಬ್ಯಾಡ್ರಿ," ಅಂದ. ಅವನು ಕೆಟ್ಟವನಲ್ಲ. "ನಿಮಗೂ ನೂಲಿನ ಕಾಂಡಿ ಸುತ್ತೂ ಕೆಲಸ ಕೊಡ್ತೇನಿ," ಎಂದೂ ಸೇರಿಸಿದ. ಆ ವಾರವೆಲ್ಲ ನಾನು ಗೆರೆ ಬಿಟ್ಟು ಕಸ ಗುಡಿಸಿದೆ. ಹೆಂಗಸರ ಬಾಗಿಲಿನ ಹತ್ತಿರ, ನಾನು ನಿಲ್ಲುವ ಜಾಗದಲ್ಲೇ ಒಂದು ಚೌಕ ಇತ್ತು. ಅದರೊಳಗೆ ಕಾಲಿಡದಂತೆ ನಿಲ್ಲಲು ಹೋಗಿ ಹಿಮ್ಮಡಿ ನೋಯುತ್ತಿತ್ತು.

ಅದೇ ವಾರ ಮಧ್ಯಾಹ್ನದ ಲೋಡ್‌ಶೆಡ್ಡಿಂಗ್ ಸುರುವಾಯಿತು. ಊಟದ ಹೊತ್ತಿಗೆ ಕರೆಂಟ್ ಹೋದರೆ ಹೊತ್ತು ಇಳಿಯುವ ತನಕ ಬರುತ್ತಿರಲಿಲ್ಲ. ಮಗ್ಗ ನಿಂತವು. ಕಬನೂರಿನಿಂದ ಯಡ್ರಾವದ ತನಕ ಊರು ಒಮ್ಮೆಲೇ ಮೌನವಾಯಿತು. ಎಷ್ಟೋ ವರ್ಷಗಳ ಮೇಲೆ ಕಾಗೆಯ ದನಿ ಕೇಳಿದೆ. ನೇಯುವವರಿಗೆ ನೇಯ್ದಷ್ಟೇ ಪಗಾರ. ಕೆಲಸವಿಲ್ಲದೆ ಕಟ್ಟೆ ಕಟ್ಟೆಯ ಮೇಲೆ ಕುಳಿತರು. ಟಾಕೀಜಿಗೆ ಡೀಸೆಲ್ ಜನರೇಟರ್ ಇತ್ತು, ಒಳಗೆ ಪಂಖಾ ತಿರುಗುತ್ತಿತ್ತು. ಅಲ್ಲಿ ಕೂಡುವುದಕ್ಕಿಂತ ಇಲ್ಲಿ ಕೂಡೋಣ ಎಂದು ಒಬ್ಬೊಬ್ಬರೇ ಮಧ್ಯಾಹ್ನದ ಆಟಕ್ಕೆ ಬಂದರು. ನಮ್ಮನೆಯವರೂ ಬಂದರು, ಕಬನೂರಿನ ಶೆಡ್ಡಿನ ಗೆಳೆಯರ ಜೊತೆ. ಬಂದು ಕುಳಿತವರೇ ಮಲಗಿದರು. ರಾತ್ರಿ ಪಾಳಿ ಮಾಡಿದವರು ಅವರು.

ನಗರ ಬೀಳುವ ರೀಲು ಬಂತು. ಪೆಟ್ಟಿಗೆಗಳು ಗುಡುಗಿದವು. ಹೊರಗೆ ಮಗ್ಗ ಇಲ್ಲದ್ದರಿಂದ ಮೊದಲ ಸಲ ನೆಲ ನಿಜವಾಗಿ ನಡುಗಿದ್ದು ಗೊತ್ತಾಯಿತು. ಕುರ್ಚಿಯ ಕಬ್ಬಿಣ ಝಣಝಣ ಅಂದಿತು. ಮಲಗಿದ್ದ ಗಂಡಸರು ಸಾಲು ಸಾಲಾಗಿ ಕಣ್ಣು ಬಿಟ್ಟರು. ಒಬ್ಬ ಎದ್ದ, ಹತ್ತು ಮಂದಿ ಎದ್ದರು, ಚಪ್ಪಲಿ ಬಿಟ್ಟವರು ಬಿಟ್ಟಲ್ಲೇ ಬಿಟ್ಟು ಬಾಗಿಲಿನತ್ತ ಓಡತೊಡಗಿದರು.

ಹೊರಗೆ ಅಣ್ಣಾ ಇದನ್ನು ನೋಡಿದರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ಮತ್ತೆಂದೂ ಕಾಣಲಿಲ್ಲ. "ಬಾಬಾ, ನೋಡೋ," ಎಂದು ತಮ್ಮನನ್ನು ಕೂಗಿದರು. "ಓಡಾಕತ್ತಾರ. ಅಂಜ್ಯಾರ. ಮಂದಿ ಅಂಜ್ಯಾರ." ಎಲ್ಲರಿಗಿಂತ ಮುಂದೆ ಓಡುತ್ತಿದ್ದವರು ನಮ್ಮನೆಯವರು. ಅಣ್ಣಾ ಅವರ ಎರಡೂ ಭುಜ ಹಿಡಿದು, "ಏನಾತೋ? ಭಾಳ ಅಂಜಿದೇನ?" ಎಂದು ಪ್ರೀತಿಯಿಂದ ಕೇಳಿದರು.

"ಬಿಡ್ರಿ ಅಣ್ಣಾ," ಎಂದು ನಮ್ಮನೆಯವರು ಕೊಸರಿಕೊಂಡರು. "ಕರೆಂಟ್ ಬಂದೈತಿ, ಮಗ್ಗ ಹಚ್ಚಬೇಕು."

ನೆಲ ನಡುಗಿತು ಎಂದರೆ ಅವರಿಗೆ ಅರ್ಥ ಒಂದೇ. ಊರಿನ ಮಗ್ಗಗಳೆಲ್ಲ ಸುರುವಾದವು, ತನ್ನದೊಂದು ಮಾತ್ರ ನಿಂತಿದೆ. ಹಿಂದೆ ಬಾಗಿಲಲ್ಲಿ ನೂಕಾಟ ಹೆಚ್ಚುತ್ತಿತ್ತು. ಹೆಂಗಸರ ಬದಿಯಲ್ಲೂ ಕಾಂಡಿ ಸುತ್ತುವ ನಾಲ್ಕಾರು ಮಂದಿ ಎದ್ದು ಸೆರಗು ಸಿಕ್ಕಿಸಿದರು. ಕೂಸುಗಳು ಕಾಲಡಿ ಸಿಕ್ಕಾವು ಎಂದು ನನಗೆ ಹೆದರಿಕೆಯಾಯಿತು. ಬ್ಯಾಟರಿ ಎತ್ತಿ ಹಿಡಿದು, ಇದ್ದ ದನಿಯೆಲ್ಲ ತೆಗೆದು ಹೇಳಿದೆ: "ಯಾರೂ ಏಳಬ್ಯಾಡ್ರಿ. ಕರೆಂಟ್ ಬಂದಿಲ್ಲ, ಭೂಕಂಪ ಆಗೈತಿ. ಕುಂದರ್ರಿ."

ಎಲ್ಲರೂ ಕುಳಿತರು. "ಭೂಕಂಪ ಏನು? ನಾ ಏನೋ ಅಂತ ಮಾಡಿದ್ನಿ," ಎಂದು ಒಬ್ಬ ಮತ್ತೆ ಕಾಲು ಚಾಚಿದ.

ಮುಂದೆ ಎಷ್ಟೋ ವರ್ಷ ಕಬನೂರಿನಲ್ಲಿ ನನ್ನನ್ನು ಕಂಡವರು ಈ ಮಾತನ್ನೇ ಹೇಳಿ ನಗುತ್ತಿದ್ದರು. ಆ ಹೊತ್ತಿಗೆ ಮಾತ್ರ ನಗು ಬರಲಿಲ್ಲ. ಅಣ್ಣಾ ಟಿಕೇಟಿನ ಖೋಲಿಯ ಸ್ಟೂಲಿನ ಮೇಲೆ ಕುಸಿದಂತೆ ಕುಳಿತರು. ಬಾಬಗೊಂಡ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, "ಅಣ್ಣಾ, ಈ ಮಂದೀಗೆ ಮಗ್ಗಾನ ಬೇಕು. ದೇವರ ಹೇಳ್ಯಾನ ನೋಡು," ಅಂದ. ಅಣ್ಣಾ ದಿನಕರ ಮಾಮಾನನ್ನು ಕರೆದು, "ಪೆಟಗಿ ಬಂದ ಮಾಡು ದಿನಕರ. ಪಿಕ್ಚರನೂ ನಾಳೆ ವಾಪಸ್ ಕಳಿಸೂಣು," ಎಂದರು.

ಆಗ ನಾನು ಬಾಯಿ ತೆರೆದೆ. ಮಾಲಕರ ಮಾತಿನ ನಡುವೆ ಮಾತಾಡಿದ್ದು ಅದೇ ಮೊದಲು.

"ಅಣ್ಣಾ, ಪೆಟಗಿ ಬಂದ ಮಾಡಬ್ಯಾಡ್ರಿ. ಕೂಸು ಏಳ್ತಾವ."

"ಯಾವ ಕೂಸ?"

"ಎಲ್ಲಾ ಕೂಸ್ರಿ."

ಮೊದಲ ದಿನವೇ ನನಗೆ ಏನೋ ಬೇರೆ ಅನ್ನಿಸಿತ್ತು. ಹೆಂಗಸರ ಬದಿ ಎಂದರೆ ಕೂಸುಗಳ ಅಳು. ಗಂಡಸರ ಕಡೆಯಿಂದ "ಹಾಲು ಕುಡಸ್ರಿ" ಎನ್ನುವ ಕೂಗು ಬಾರದ ಪಿಕ್ಚರೇ ಇಲ್ಲ. ಈ ಪಿಕ್ಚರಿನಲ್ಲಿ ಎಂಜಿನಿಯರ್ ಮಾತಾಡುವಾಗ ಅಳುತ್ತಿದ್ದ ಕೂಸು, ನಗರ ಬೀಳತೊಡಗಿದರೆ ಬಾಯಿ ಮುಚ್ಚಿ ಮಲಗುತ್ತಿತ್ತು. ನನ್ನ ಮಗನನ್ನು ಕಡೆಯ ಸಾಲಿನ ಎರಡು ಕುರ್ಚಿಯ ಮೇಲೆ ದುಪ್ಪಟಿ ಹಾಸಿ ಮಲಗಿಸಿರುತ್ತಿದ್ದೆ. ಅವನೂ ಹಾಗೆಯೇ. ಹೊಟ್ಟೆಯೊಳಗಿದ್ದಾಗಿನಿಂದ ಮಗ್ಗದ ನಡುಕ ಕೇಳಿದ ಕೂಸುಗಳು ಅವು. ಲೋಡ್‌ಶೆಡ್ಡಿಂಗ್ ಬಂದ ಮೇಲಂತೂ ಊರಿನ ಕೂಸುಗಳೆಲ್ಲ ಮಧ್ಯಾಹ್ನ ನಿದ್ದೆ ಬಿಟ್ಟಿದ್ದವು; ಮೌನವಾದರೆ ಬೆಚ್ಚಿ ಏಳುತ್ತಿದ್ದವು. ಯಡ್ರಾವದಿಂದ ಶಾಂತವ್ವ ಎಂಬಾಕೆ ಮೂರು ದಿನದಿಂದ ಬರುತ್ತಿದ್ದಳು, ಅದೇ ಪಿಕ್ಚರಿಗೆ. ಮೊದಲ ದಿನ ಒಬ್ಬಳೇ, ಆಮೇಲೆ ನಾದಿನಿ, ಆಮೇಲೆ ಪಕ್ಕದ ಮನೆಯವರು.

ಅಣ್ಣಾ ಹುಬ್ಬು ಗಂಟಿಕ್ಕಿದರು. "ಕೂಸು ಮಲಗಸಾಕ ತಂದೇನೇನ ನಾ ಪಿಕ್ಚರು?"

"ಒಮ್ಮೆ ಬಂದು ನೋಡ್ರಿ," ಎಂದೆ.

ಹೆಂಗಸರ ಬದಿಗೆ ಅವರು ಎಂದೂ ಕಾಲಿಟ್ಟವರಲ್ಲ. ಬಾಗಿಲಲ್ಲೇ ನಿಂತು, ಚಪ್ಪಲಿ ಬಿಟ್ಟು, ಒಂದು ಹೆಜ್ಜೆ ಒಳಗೆ ಬಂದರು. ನಾನು ಬ್ಯಾಟರಿಯ ಬೆಳಕನ್ನು ಸಾಲಿನ ಕೆಳಗೆ ಕಾಲುಗಳ ಮೇಲೆ ಹಾಯಿಸಿದೆ. ಪಡದೆಯ ಮೇಲೆ ನೀರಿನ ಕಟ್ಟೆ ಒಡೆಯುತ್ತಿತ್ತು. ಆ ಬೆಳಕಿನಲ್ಲಿ ಸಾಲು ಸಾಲು ಕೂಸುಗಳು ಮಲಗಿದ್ದವು, ತೊಡೆಯ ಮೇಲೆ, ಹೆಗಲ ಮೇಲೆ, ಸಾಲಿನ ನಡುವೆ ಹಾಸಿದ ಸೀರೆಯ ಮೇಲೆ. ತಾಯಂದಿರೂ ಮಲಗಿದ್ದರು, ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು. ಬಾಬಗೊಂಡನ ಸುಣ್ಣದ ಗೆರೆಯ ಒಂದು ಚೌಕದಲ್ಲಿ ಶಾಂತವ್ವ ತನ್ನ ಮಗಳನ್ನು ಮಲಗಿಸಿದ್ದಳು. ಆಕೆ ಮಾತ್ರ ಎಚ್ಚರವಿದ್ದಳು. ಮಾಲಕರನ್ನು ಕಂಡು ಗಡಬಡಿಸಿ ಏಳಲು ಹೋದಳು.

"ಕುಂದ್ರವಾ," ಎಂದು ಅಣ್ಣಾ ಪಿಸುದನಿಯಲ್ಲಿ ಹೇಳಿದರು. "ಪಿಕ್ಚರ್ ಹೆಂಗೈತಿ?"

"ಛಲೋ ಐತ್ರಿ," ಅಂದಳು ಶಾಂತವ್ವ. "ಸುಳ್ಳ ಯಾಕ ಹೇಳ್ಲಿ, ನೋಡಿಲ್ರಿ. ಮೂರ ದಿನಾ ಆತು, ಇದು ಮಲಕೊಂಡ ಕೂಡ್ಲೆ ನಾನೂ ಮಲಕೊಂಡೇನಿ. ಇವತ್ತ ನೋಡಬೇಕಂತ ಎದ್ದು ಕುಂತೇನಿ. ಆ ಮುದುಕಾ ಸಾಯ್ತಾನೇನ್ರಿ?"

"ಇಲ್ಲ," ಎಂದರು ಅಣ್ಣಾ. "ಬದಕತಾನ."

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಪಿಕ್ಚರ್ ಮುಗಿಯುತ್ತ ಬಂತು. ಕರೆಂಟ್ ಇನ್ನೂ ಬಂದಿರಲಿಲ್ಲ. ಲೈಟು ಹಾಕಿದರೆ, ಪೆಟ್ಟಿಗೆ ನಿಂತರೆ, ಅಷ್ಟೂ ಕೂಸು ಒಮ್ಮೆಲೇ ಏಳುತ್ತವೆ. ಅಣ್ಣಾ ಮೇಲಿನ ಕಿಂಡಿಯತ್ತ ನೋಡಿ, "ದಿನಕರ, ಬೀಳೂ ರೀಲು ಇನ್ನೊಮ್ಮೆ ಹಾಕು," ಎಂದರು.

ದಿನಕರ ಮಾಮಾ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಪುನ್ಹಾ? ಮತ್ತೆ?" ಎಂದು ಕೇಳಿದರು.

"ಕರೆಂಟ್ ಬರೂತನಾ ಹಾಕು."

ಕಟ್ಟಿದ ನಗರ ಮತ್ತೆ ಬಿತ್ತು. ಬಿದ್ದು ಮುಗಿದ ಮೇಲೆ ಇನ್ನೊಮ್ಮೆ ಬಿತ್ತು. ಸಂಜೆಯ ಆಟಕ್ಕೆ ಬಂದವರು ಹೊರಗೆ ನಿಂತು, "ಮಾಲಕರ ಇನ್ನಾ ಕೈ ತೊಳದಿಲ್ಲೇನ?" ಎಂದು ಕೇಳತೊಡಗಿದರು. ಅಣ್ಣಾ ಡಬ್ಬಿ ಬಿಚ್ಚಿರಲೇ ಇಲ್ಲ. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸಾವಕಾಶ ಸಾವಕಾಶ ಎಂದು ಸನ್ನೆ ಮಾಡುತ್ತಿದ್ದರು. ನೋಡುನೋಡುತ್ತ ಹೊತ್ತು ಮುಳುಗಿತು. ಆಮೇಲೆ ದೂರದಲ್ಲಿ ಒಂದು ಮಗ್ಗ ಖಟಕ್ ಅಂದಿತು, ಅದರ ಹಿಂದೆ ಇನ್ನೊಂದು, ಹಾಗೆಯೇ ಊರೆಲ್ಲ. ನೆಲಕ್ಕೆ ಜೀವ ಬಂತು. ಆಗ ದಿನಕರ ಮಾಮಾ ಪೆಟ್ಟಿಗೆ ನಿಲ್ಲಿಸಿದರು. ಒಂದು ಕೂಸೂ ಏಳಲಿಲ್ಲ. ತಾಯಂದಿರು ಕೂಸುಗಳನ್ನು ಹಾಗೆಯೇ ಹೆಗಲಿಗೆ ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು. ನಾನು ಕಾಲಿಗೆ ಬೆಳಕು ಹಿಡಿದೆ.

ಅಣ್ಣಾ ಆ ರಾತ್ರಿ ಉಪವಾಸ ಮಲಗಿದರು. ಡಬ್ಬಿಯಲ್ಲಿದ್ದ ರೊಟ್ಟಿಯನ್ನು ಜೀಪ್ ಹತ್ತುವ ಮೊದಲು ನನ್ನ ಕೈಗೆ ಕೊಟ್ಟರು. ಹೋಗುವಾಗ ತಮ್ಮನಿಗೆ, "ಬಾಬಾ, ಮಗ್ಗ ಬ್ಯಾರೆ ಕಡೆ ಹಾಕು. ಇಲ್ಲೆ ಮಂದಿ ಮಲಗ್ಯಾರ," ಎಂದರು.

ಬಾಬಗೊಂಡ ಅಷ್ಟಕ್ಕೆ ಒಪ್ಪಲಿಲ್ಲ. ಎರಡು ವಾರದ ಮಾತು ಮಾತೇ ಎಂದ. ಆದರೆ ಮರುದಿನದಿಂದ ಕಬನೂರು, ಯಡ್ರಾವ ಎರಡೂ ಕಡೆಯಿಂದ ಹೆಂಗಸರು ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದರು. ಹೆಂಗಸರ ಬದಿ ಸಾಲದೆ ನಡುವೆ ಹಗ್ಗ ಕಟ್ಟಿ ಗಂಡಸರ ಬದಿಯ ಮೂರು ಸಾಲು ತೆಗೆದುಕೊಂಡೆವು. ಹೃದಯ ಸೂಕ್ಷ್ಮ ಇದ್ದವರು ಬರಬಾರದು ಎಂದು ಬರೆದಿದ್ದಲ್ಲಿ, ಜೋಳಿಗೆ ಕಟ್ಟಬಾರದು ಎಂದು ಪೇಂಟರಿನಿಂದ ಬರೆಸಬೇಕಾಯಿತು, ಯಾಕೆಂದರೆ ಇಬ್ಬರು ಕಂಬದಿಂದ ಕಂಬಕ್ಕೆ ಸೀರೆ ಕಟ್ಟಿ ಕೂಸು ತೂಗತೊಡಗಿದ್ದರು. ಎರಡನೇ ವಾರ ಮುಗಿಯುವಷ್ಟರಲ್ಲಿ ಸುಣ್ಣದ ಗೆರೆ ಇರಲಿಲ್ಲ. ನಾನು ಅಳಿಸಲಿಲ್ಲ. ಸೀರೆ ಹಾಸಿ ಹಾಸಿ, ಕೂಸು ಹೊರಳಿ ಹೊರಳಿ ತಾನೇ ಹೋಗಿತ್ತು. ಬಾಬಗೊಂಡ ಬಂದು ನೆಲ ನೋಡಿದ, ನನ್ನನ್ನು ನೋಡಿದ, ಟೇಪು ಕಿಸೆಗೆ ಇಳಿಸಿದ. ಆಮೇಲೆ ಯಡ್ರಾವದಲ್ಲಿ ಶೆಡ್ಡು ಹಾಕಿದ. ಅವನ ಸೊಸೆಯೂ ಕೂಸು ಕಟ್ಟಿಕೊಂಡು ನಮ್ಮಲ್ಲಿಗೇ ಬರುತ್ತಿದ್ದಳು.

ಕಡೆಗೆ ಗಣಪತಿ ಹಬ್ಬ ಬಂತು, ಸ್ಪೀಕರ್‌ನವನು ಪೆಟ್ಟಿಗೆ ಒಯ್ದ. ಪಿಕ್ಚರ್ ನಮ್ಮಿಂದ ಗಡಹಿಂಗ್ಲಜಕ್ಕೆ ಹೋಯಿತು. ಅಲ್ಲಿ ಪೆಟ್ಟಿಗೆ ಇಲ್ಲದೆ ಬರೇ ಪಿಕ್ಚರಿಗೇ ಮಂದಿ ಕಿರುಚಿದರಂತೆ, ಒಬ್ಬ ಗೋಡೆ ಹಾರಿದನಂತೆ. ರೇಣುಕಾ, ಅದು ನಿಮ್ಮಪ್ಪ. ನಾನು ತವರಿಗೆ ಹೋದಾಗ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ. "ನಿಮ್ಮೂರಾಗ ಕೂಸು ಮಲಕೊಂಡಿದ್ದುವಂತಲ್ಲಾ ತಂಗಿ, ಅವು ಕೂಸೋ ಕಲ್ಲೋ?" ಅಂದ. ಇದನ್ನು ಅವನಿಗೆ ಓದಿ ಹೇಳು.

ನಮ್ಮ ಟಾಕೀಜು ಆಮೇಲೆ ಬಹಳ ವರ್ಷ ಬಾಳಿತು. ಎಷ್ಟೋ ಒಳ್ಳೆಯ ಪಿಕ್ಚರ್ ಬಂದವು, ಹೋದವು. ನಾನು ಒಂದನ್ನೂ ಪೂರ್ತಿ ನೋಡಿಲ್ಲ. ಬಾಗಿಲು ಕಾಯುವವರು ಪಡದೆಗೆ ಬೆನ್ನು ಹಾಕಿ ಮಂದಿಯನ್ನು ನೋಡುತ್ತಾರೆ. ಅದನ್ನೇ ನಿನಗೂ ಹೇಳುವುದು. ಮಂದಿ ಯಾಕೆ ಬಂದಿದ್ದಾರೆ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ, ಪೋಸ್ಟರಿನ ಮೇಲೂ ಬರೆದಿರುವುದಿಲ್ಲ. ಯಾರಾದರೂ ಮಲಗಿದ್ದರೆ ಎಬ್ಬಿಸುವ ಮೊದಲು ಸ್ವಲ್ಪ ತಡೆ.

ಇಷ್ಟು ಬರೆಯುವಾಗ ಸಂಜೆಯಾಯಿತು. ನಮ್ಮ ಓಣಿಯ ಶೆಡ್ಡು ಮುಚ್ಚಿ ಈಗ ಎಷ್ಟೋ ದಿನ. ಹೊಸ ಮಗ್ಗಗಳೆಲ್ಲ ಊರ ಹೊರಗೆ ಹೋದವು. ಮನೆಯ ಗಡಿಗೆಯ ನೀರು ಕನ್ನಡಿಯಂತೆ ನಿಂತಿರುತ್ತದೆ, ಫೋಟೋ ಸೊಟ್ಟ ಆಗುವುದಿಲ್ಲ. ಮೊಮ್ಮಗಳು ಈ ಮೌನದಲ್ಲಿ ಹುಟ್ಟಿದವಳು, ಆದರೂ ಯಾರ ರಕ್ತವೋ ಏನೋ, ಸುಮ್ಮನಿದ್ದರೆ ಮಲಗುವುದಿಲ್ಲ. ಬಟ್ಟೆಯ ಮಷಿನ್ನು ಹಿಂಡಲು ಸುರು ಮಾಡಿದರೆ ಮಾತ್ರ ಕಣ್ಣು ಎಳೆಯುತ್ತವೆ. ಆ ಮಷಿನ್ನಿಗೆ ಒಂದು ಕಾಲು ಗಿಡ್ಡ, ಪಡಸಾಲೆಯೆಲ್ಲ ನಡುಗಿಸುತ್ತದೆ. ಅದಕ್ಕೇ ಕುರ್ಚಿ ಅಲ್ಲಿ ಹಾಕಿಸಿದ್ದು.

ನಮ್ಮನೆಯವರು ಕುರ್ಚಿಯ ಒಂದು ಬದಿಗೆ ಕುಳಿತು ಕೈಯಿಂದ ಕಬ್ಬಿಣ ತಡವಿದರು. "ನಮ್ಮ ಹುಡುಗ ಮಲಗತಿದ್ನಲ್ಲಾ, ಇದಾ ಏನ?" ಎಂದು ಜೋರಾಗಿ ಕೇಳಿದರು. ಹೌದೆಂದು ತಲೆಯಾಡಿಸಿ ಮೊಮ್ಮಗಳನ್ನು ಅವರ ತೊಡೆಯ ಮೇಲೆ ಕೊಟ್ಟೆ. ಮಷಿನ್ನು ಹಚ್ಚಿದೆ. ಕುರ್ಚಿ ಝಣಝಣ ಅಂದಿತು. ಅವರಿಗೆ ಸದ್ದು ಕೇಳಿಸಲಿಲ್ಲ, ನಡುಕ ಗೊತ್ತಾಯಿತು. ಬಲಗೈ ತಾನಾಗಿ ಮುಂದೆ ಚಾಚಿ, ಅಲ್ಲಿಲ್ಲದ ಮಗ್ಗದ ಹಿಡಿಕೆ ಹುಡುಕಿ, ಮತ್ತೆ ಕೂಸಿನ ಬೆನ್ನ ಮೇಲೆ ಇಳಿಯಿತು.

ಜೋಳದ ರೊಟ್ಟಿ, ಮೆಂತ್ಯ ಪಲ್ಲೆ, ಶೇಂಗಾ ಚಟ್ನಿ, ಮೊಸರು. ಮಗ, ಸೊಸೆ ಬಂದ ಮೇಲೆ ಹೊತ್ತು ಮುಳುಗುವ ಮೊದಲೇ ಉಂಡೆವು. ಅಣ್ಣಾ ಹೋದ ಮೇಲೂ ನನಗೆ ಆ ಹೊತ್ತಿಗೇ ಹಸಿವು. ಉಂಡು ಅಜ್ಜ ಮೊಮ್ಮಗಳು ಮತ್ತೆ ಕುರ್ಚಿಗೆ ಹೋದರು. ಮೊದಲು ಮಲಗಿದವರು ನಮ್ಮನೆಯವರು, ಅವರ ಹಿಂದೆ ಕೂಸು. ಮಷಿನ್ನು ತನ್ನ ಸುತ್ತು ಮುಗಿಸಿ ನಿಂತಿತು, ಕೂಸಿನ ರೆಪ್ಪೆ ಅಲುಗಿದವು. ಬಟ್ಟೆಯೆಲ್ಲ ಆಗಲೇ ಹಗ್ಗದ ಮೇಲಿತ್ತು. ಖಾಲಿ ಮಷಿನ್ನನ್ನೇ ಇನ್ನೊಮ್ಮೆ ತಿರುಗಿಸಿದೆ.